ಗೋದಾವರಿ ಅಕ್ಕನ ಎರಡು ಎರಿ

ನಿನ್ನ ಜೇನನ್ನು ಕೊಂದವಳು ನಾನು, ಗೋದಾವರಿ ಅಕ್ಕಾ. ನಿನ್ನ ಕೈಯಲ್ಲ — ನಾನು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಸುಳ್ಳು. ಹಗುರಾಗಲಿಲ್ಲ.

ತೊಂಬತ್ತರ ದಶಕದ ಆ ಮೊದಲ ವರ್ಷಗಳನ್ನು ನೀನು ಮರೆತಿರಲಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ — ಎಲ್ಲಿಗೆ ಹೋದರೂ ಖಾಲಿ ಜೇನುಪೆಟ್ಟಿಗೆ. ತುಡುವೆ ಜೇನಿನ ಮರಿಗಳು ಗೂಡಿನ ಮೇಣದ ಎರಿಯ ಕಣ್ಣುಗಳೊಳಗೇ ನೀರು ತುಂಬಿದ ಚೀಲದ ಹಾಗೆ ಉಬ್ಬಿ ಸಾಯುತ್ತಿದ್ದವು. ದೊಡ್ಡ ಹುಳಗಳು ಒಂದು ದಿನ ಎದ್ದು ಹೋದರೆ ಮತ್ತೆ ಬರುತ್ತಿರಲಿಲ್ಲ. ನನ್ನ ಪೆಟ್ಟಿಗೆಗಳೂ ಒಂದೊಂದಾಗಿ ಬರಿದಾದವು. ಜೇನು ಸಾಕುವುದನ್ನು ನನಗೆ ಕಲಿಸಿದವಳು ನೀನು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ, ಹುಳ ಕಂಡರೆ ಸೆರಗು ಮುಚ್ಚಿಕೊಂಡು ಓಡುತ್ತಿದ್ದವಳಿಗೆ ಬರಿಗೈಯಲ್ಲಿ ಎರಿ ಎತ್ತುವುದನ್ನು ಕಲಿಸಿದೆ. ಎಲ್ಲರದೂ ಸತ್ತ ಮೇಲೆ ನಮ್ಮ ಸುತ್ತಿನಲ್ಲಿ ಉಳಿದದ್ದು ನಿನ್ನ ಹಿತ್ತಲಿನ ಒಂದೇ ಒಂದು ಜೇನು ಕುಟುಂಬ.

ನೀನು ಮನೆಮನೆಗೆ ಹೋಗಿ ಹೇಳಿ ಬಂದೆ — ಸತ್ತ ಪೆಟ್ಟಿಗೆಯ ಹಳೆಯ ಎರಿ ಸುಟ್ಟುಬಿಡಿ, ರೋಗ ಅದರಲ್ಲೇ ಕೂತಿರುತ್ತದೆ ಎಂದು. ಎಲ್ಲರೂ ಸುಟ್ಟರು. ನಾನು ಹ್ಞೂಂ ಅಂದೆ, ಸುಡಲಿಲ್ಲ. ಹುಳ ಕಷ್ಟಪಟ್ಟು ಕಟ್ಟಿದ ಮೇಣವನ್ನು ಬೆಂಕಿಗೆ ಹಾಕಲು ಜೇನು ಸಾಕಿದವರಿಗೆ ಕೈ ಬರುವುದಿಲ್ಲ. ಮುಂದೆ ಎಂದಾದರೂ ಜೇನು ಸಿಕ್ಕಿದರೆ ಕಟ್ಟಿದ ಎರಿ ಸಿದ್ಧವಿರಲಿ ಎಂದು ಅಟ್ಟದಲ್ಲಿ ನೇತುಹಾಕಿದೆ. ಜಿಪುಣತನಕ್ಕೆ ಜಾಣತನವೆಂದು ಹೆಸರಿಟ್ಟುಕೊಂಡೆ.

ಆಮೇಲೆ ನೀನು ಮಗಳ ಬಾಣಂತನಕ್ಕೆ ಯಲ್ಲಾಪುರಕ್ಕೆ ಹೊರಟೆ. ಹೊರಡುವಾಗ ನನ್ನನ್ನೇ ಕರೆದು ಹೇಳಿದೆ.

"ತಂಗಿ, ಆನು ಬಪ್ಪವರೆಗೆ ಇರುವೆ ಹತ್ತದಿದ್ದ ಹಾಂಗೆ ನೋಡ್ಕ್ಯ. ಮುಚ್ಚಳ ಮಾತ್ರ ತೆಗೆಯಡ. ಊರಿಗೆಲ್ಲ ಬೀಜಕ್ಕೆ ಹೇಳಿ ಇದೊಂದೇ ಉಳ್ದಿದ್ದು. ಬಪ್ಪ ವರ್ಷ ಪಾಲು ಮಾಡಿ ಎಲ್ಲರಿಗೂ ಕೊಡ್ತೆ, ನಿಂಗೂ ಕೊಡ್ತೆ."

ಪೆಟ್ಟಿಗೆಯ ಕಾಲಿನ ಬಟ್ಟಲಿಗೆ ನೀರು ಹಾಕುವುದು, ಅಷ್ಟೇ ನನ್ನ ಕೆಲಸ. ಕೆಲವು ದಿನ ಅಷ್ಟನ್ನೇ ಮಾಡಿದೆ. ಆದರೆ ಬರುವ ವರ್ಷ — ಅಷ್ಟರಲ್ಲಿ ಇದೂ ಸತ್ತರೆ? ಇದ್ದಾಗಲೇ ಎರಡಾಗಿದ್ದರೆ ಒಂದಾದರೂ ಉಳಿಯುವುದಿಲ್ಲವೇ? ಆಗ ನನಗೆ ನಾನೇ ಹೇಳಿಕೊಂಡದ್ದು ಇದು. ನಿಜ ಇಷ್ಟು ಚೆಂದದ್ದಲ್ಲ. ಊರವರೆಲ್ಲ ನಿನ್ನ ಹಿತ್ತಲಿಗೆ ಬಂದು, ದೇವರ ಮುಂದೆ ನಿಂತ ಹಾಗೆ ಆ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದರು. ನನ್ನ ಹಿತ್ತಲಿಗೂ ಬಂದು ನಿಲ್ಲಲಿ ಅನ್ನಿಸಿತ್ತು. ಹೊಟ್ಟೆಕಿಚ್ಚು, ಅಕ್ಕಾ.

ಒಂದು ಮಧ್ಯಾಹ್ನ ಮುಚ್ಚಳ ತೆಗೆದೆ. ತತ್ತಿ ತುಂಬಿದ ಎರಡು ಎರಿಗಳನ್ನು ಹುಳಗಳ ಸಮೇತ ಎತ್ತಿ ನನ್ನ ಹೊಸ ಪೆಟ್ಟಿಗೆಗೆ ಇಳಿಸಿದೆ. ರಾಣಿಯನ್ನು ನಿನಗೇ ಬಿಟ್ಟೆ, ತತ್ತಿಯಿದ್ದರೆ ಹುಳಗಳು ತಾವೇ ಹೊಸ ರಾಣಿಯನ್ನು ಮಾಡಿಕೊಳ್ಳುತ್ತವೆ ಎಂದು ನೀನೇ ಕಲಿಸಿದ್ದೆಯಲ್ಲ. ಆದರೆ ನಿನ್ನ ಪೆಟ್ಟಿಗೆಯಲ್ಲಿ ಎರಡು ಎರಿಯ ಜಾಗ ಬರಿದಾಗಿ ಕಾಣುತ್ತಿತ್ತು. ಬಂದವಳೇ ನೋಡಿದರೆ ಗೊತ್ತಾಗುತ್ತದೆ. ಮನೆಗೆ ಹೋಗಿ ಅಟ್ಟದಲ್ಲಿದ್ದ ಹಳೆಯ ಎರಿ ಎರಡನ್ನು ತಂದು ಆ ಜಾಗಕ್ಕೆ ಇಳಿಸಿಬಿಟ್ಟೆ. ಒಣಗಿದ್ದವು, ವಾಸನೆ ಇರಲಿಲ್ಲ, ಏನೂ ಆಗಲಿಕ್ಕಿಲ್ಲ ಎಂದುಕೊಂಡೆ — ಅಂದುಕೊಂಡೆನೋ, ಅಂದುಕೊಳ್ಳಲೇಬೇಕಿತ್ತೋ... ಕಾಯಲು ಬಿಟ್ಟ ಬೇಲಿಯೇ ಎದ್ದು ಹೊಲ ಮೇಯಿತು.

ನೀನು ಬರುವಷ್ಟರಲ್ಲಿ ನಿನ್ನ ಪೆಟ್ಟಿಗೆಯ ಮುಂದೆ ಸತ್ತ ಮರಿಗಳು ಬಿದ್ದಿದ್ದವು. ನನ್ನ ಪೆಟ್ಟಿಗೆಯಲ್ಲಿ ಹೊಸ ರಾಣಿ ತತ್ತಿ ಇಡುತ್ತಿದ್ದಳು. ಬೆಟ್ಟದ ಮತ್ತಿಮರದ ಪೊಟರೆಯಲ್ಲಿ ಸಿಕ್ಕ ಜೇನು ಎಂದು ಊರಿಗೆಲ್ಲ ಸುಳ್ಳು ಹೇಳಿಯಾಗಿತ್ತು.

ನೀನು ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಒಂದೊಂದೇ ಎರಿ ಎತ್ತುತ್ತ ಬಂದ ನೀನು ನಾನಿಟ್ಟ ಆ ಕಪ್ಪು ಎರಿಗಳ ಹತ್ತಿರ ನಿಂತೆ. ಈಗ ಕೇಳುತ್ತಾಳೆ, ಕೇಳಿದರೆ ಹೇಳಿಬಿಡೋಣ — ದೇವರಾಣೆ, ಹಾಗೆಂದುಕೊಂಡೆ. ನೀನು ಕೇಳಲಿಲ್ಲ.

"ಊರಿಗೆಲ್ಲ ಸುಡಿ ಹೇಳ್ದೆ, ನನ್ನ ಪೆಟ್ಟಿಗೆಯಲ್ಲೇ ಹಳೇ ಎರಿ ಬಿಟ್ಕಂಡಿದ್ದೆ ನೋಡು ತಂಗಿ. ಆನೇ ಕೊಂದೆ."

ನಾನು ಬಾಯಿ ತೆರೆದದ್ದು ಸಮಾಧಾನ ಹೇಳಲಿಕ್ಕೆ! "ಅಪ್ಪುದೆಲ್ಲ ಆತು ಅಕ್ಕಾ, ಎಂತ ಮಾಡುಲೆ ಬತ್ತು" ಅಂದೆ. ನೀನು ಅಳುತ್ತಲೇ ನನ್ನ ಹಿತ್ತಲಿಗೆ ಬಂದು ನನ್ನ ಜೇನು ನೋಡಿದೆ. ಕೈ ಇಟ್ಟರೂ ಕಚ್ಚಲಿಲ್ಲ ಅವು. "ನನ್ನ ಹುಳದ ಹಾಂಗೇ ಪಾಪದವು" ಎಂದು ನಕ್ಕೆ. ಮರುದಿನ ನಿನ್ನ ಹೊಗೆ ಹಾಕುವ ಡಬ್ಬಿ, ಎರಿ ಕೊಯ್ಯುವ ಚಾಕು ಎಲ್ಲ ತಂದು ನನ್ನ ಕೈಯಲ್ಲಿಟ್ಟೆ. ನಾನು ತೆಗೆದುಕೊಂಡೆ, ಅಕ್ಕಾ. ಅದನ್ನೂ ತೆಗೆದುಕೊಂಡೆ.

ಆ ಒಂದು ಕುಟುಂಬ ಎರಡಾಯಿತು, ನಾಲ್ಕಾಯಿತು. ನಾನು ಊರೂರಿಗೆ ಹಂಚಿದೆ — ತ್ಯಾಗಲಿಗೆ ಕೊಟ್ಟೆ, ಹುಲಗೋಳಕ್ಕೆ ಕೊಟ್ಟೆ. ಅವರಿಂದ ಇನ್ನೆಲ್ಲೆಲ್ಲಿಗೋ ಹೋಯಿತು. ನಿನಗೆಂದು ಒಂದು ಪೆಟ್ಟಿಗೆ ಹೊತ್ತು ತಂದಾಗ ನೀನು ಅಂಗಳದಲ್ಲೇ ತಡೆದೆ. "ಬ್ಯಾಡ ತಂಗಿ. ನನ್ನ ಕೈಗೆ ಜೇನು ಆಗಿ ಬತ್ತಿಲ್ಲೆ." ಅಂದಿನಿಂದ ನೀನು ಒಂದು ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ನನ್ನ ಹಿತ್ತಲಿಗೆ ಬಂದರೂ ದೂರವೇ ನಿಲ್ಲುತ್ತಿದ್ದೆ, ನಿನ್ನ ನೆರಳು ಬಿದ್ದರೂ ಅವು ಸಾಯುತ್ತವೆ ಎಂಬಂತೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬನವಾಸಿಯಲ್ಲಿ ನನಗೆ ಶಾಲು ಹೊದೆಸಿದರು, ಸತ್ತುಹೋಗಿದ್ದ ಜೇನನ್ನು ಊರಿಗೆ ಮರಳಿ ತಂದವಳೆಂದು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೀನು. ಇಳಿದು ಬಂದಾಗ ನನ್ನ ಕೈ ಹಿಡಿದು "ನಿನ್ನ ಕೈಗುಣ ದೊಡ್ಡದು" ಅಂದೆ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಶಾಲಿನೊಳಗೆ ಮುಚ್ಚಿಕೊಂಡೆ.

ನಾನು ಕದಿಯದಿದ್ದರೆ ಜೇನು ಉಳಿಯುತ್ತಿತ್ತೋ ಇಲ್ಲವೋ, ಆ ಲೆಕ್ಕ ಬೇಡ. ಅದನ್ನು ಹಾಕಹೊರಟರೆ ಮತ್ತೆ ನಾನೇ ಪುಣ್ಯವಂತೆಯಾಗಿಬಿಡುತ್ತೇನೆ. ಜೇನು ಈ ಸೀಮೆಗೆ ಮರಳಿತು. ನಿನಗೆ ಮರಳಲಿಲ್ಲ.

ನಾಳೆ ಸಂಜೆ, ಹುಳಗಳೆಲ್ಲ ಒಳಗೆ ಸೇರಿದ ಮೇಲೆ, ಗೂಡಿನ ಬಾಗಿಲು ಮುಚ್ಚಿ ಒಂದು ಪೆಟ್ಟಿಗೆ ತರುತ್ತೇನೆ. ಜೊತೆಗೆ ನಿನ್ನ ಚಾಕು, ನಿನ್ನ ಡಬ್ಬಿ. ಈ ಕಾಗದದಲ್ಲಿ ಬರೆದದ್ದನ್ನೆಲ್ಲ ನಿನ್ನ ಎದುರು ಬಾಯಿಬಿಟ್ಟು ಹೇಳುತ್ತೇನೆ, ಮರುದಿನ ಊರಿಗೂ ಹೇಳುತ್ತೇನೆ. ನೀನು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಪೆಟ್ಟಿಗೆಯನ್ನು ಮಾತ್ರ ಬೇಡ ಅನ್ನಬೇಡ, ಅಕ್ಕಾ. ಅದು ನಾನು ಕೊಡುವುದಲ್ಲ, ನಿನ್ನದೇ. ಕೈ ಇಟ್ಟು ನೋಡು — ಕಚ್ಚುವುದಿಲ್ಲ.