ಕುದುರೆ ಪಿಚ್ಚರಿನ ಮೈಕಿನವರು

ನಡುಬೇಸಿಗೆಯಲ್ಲೂ ಮೈಕಿನವರ ಕೊರಳಿಗೆ ಹಸಿರು ಉಣ್ಣೆಯ ಮಫ್ಲರ್ ಸುತ್ತಿರುತ್ತಿತ್ತು. ಹಿರಿಯೂರಿನ ಸೆಕೆಗೆ ನಾವೆಲ್ಲ ಅಂಗಿ ಬಿಚ್ಚಿ ಕೂತರೆ ಇವರು ಬೆವರುತ್ತಾ ಬಿಸಿನೀರು ಕುಡಿಯುತ್ತಿದ್ದರು. ಗಂಟಲೇ ಅವರ ಹೊಟ್ಟೆಪಾಡು. ಎಪ್ಪತ್ತರ ದಶಕದಲ್ಲಿ ನಮ್ಮ ಟೆಂಟ್ ಸಿನಿಮಾಕ್ಕೆ ಆಗಾಗ ಇಂಗ್ಲಿಷಿನ ಕುದುರೆ ಪಿಚ್ಚರ್ ಬರುತ್ತಿತ್ತು. ಟೋಪಿ, ಪಿಸ್ತೂಲು, ಧೂಳು. ಮಾತು ಯಾರಿಗೂ ತಿಳಿಯದು. ಪರದೆಯ ಪಕ್ಕ ಕೂತು ಮೈಕಿನಲ್ಲಿ ಕನ್ನಡದ ಕಥೆ ಹೇಳುವುದು ಇವರ ಕೆಲಸ. ಇವರಿಗೆ ಇಂಗ್ಲಿಷ್ ಬರುತ್ತಿತ್ತೇ? ಎಲ್ಲಿಂದ ಬರಬೇಕು! ಮುಖ ನೋಡಿ ಮಾತು ಕಟ್ಟುತ್ತಿದ್ದರು.

“ಆ ಗಂಡಸ್ರು ಅಳಂಗಿಲ್ಲ ಕಣಪ್ಪ, ಅದಕ್ಕೇ ಒಬ್ಬೊಬ್ಬರಿಗೂ ಕುದುರೆ ಕೊಟ್ಟವ್ರೆ” ಎಂದು ನಗಿಸುತ್ತಿದ್ದರು.

ಅವರೂ ಟೆಂಟಿನಲ್ಲಿ ರೀಲು ಓಡಿಸುವ ಆಪರೇಟರೂ ಬಹಳ ವರ್ಷದಿಂದ ಒಂದೇ ಕೋಣೆಯಲ್ಲಿದ್ದರು. ಇವರು ಮುದ್ದೆ ಮಾಡುವುದು, ಆತ ಇವರ ಮಫ್ಲರ್ ಒಗೆಯುವುದು. ಊರು ಅದನ್ನು ಸ್ನೇಹ ಅಂದುಕೊಂಡಿತ್ತು. ಅದು ಬರೀ ಸ್ನೇಹವಲ್ಲವೆಂದು ನನಗೆ ಗೊತ್ತಿತ್ತು, ಏಕೆಂದರೆ ನನ್ನ ಮನಸ್ಸೂ ಗಂಡಸರ ಕಡೆಗೇ ಹೋಗುತ್ತಿತ್ತು. ಡಿಗ್ರಿ ಮುಗಿಸಿದ ನನಗೆ ಮನೆಯವರು ತಾಳ್ಯದ ಹೆಣ್ಣು ಗೊತ್ತು ಮಾಡಿದ್ದರು. ಒಲ್ಲೆ ಎನ್ನಲು ಬಾಯಿ ಬರದೆ, ಮಾರಿಕಣಿವೆ ಅಣೆಕಟ್ಟಿನ ನೀರೇ ಗತಿ ಎಂದು ನಿರ್ಧರಿಸಿದ್ದೆ. ಹೊರಡುವ ಹಿಂದಿನ ಸಂಜೆ ಕೊನೆಯದಾಗಿ ಟೆಂಟಿಗೆ ಹೋದೆ.

ಆಪರೇಟರಿಗೂ ಹೊಸದುರ್ಗದಲ್ಲಿ ಮದುವೆ ಗೊತ್ತಾಗಿ, ಅದೇ ಆತನ ಕಡೆಯ ಆಟ. ಪರದೆಯ ಮೇಲೆ ಗುಂಡು ತಿಂದ ಸವಾರನನ್ನು ಜೊತೆಗಾರ ತೊಡೆಯ ಮೇಲೆ ಮಲಗಿಸಿಕೊಂಡು ಕೈ ಹಿಡಿದ. ಅಲ್ಲಿ ಎಂದಿನಂತೆ “ನಿನ್ನ ಸೇಡು ತೀರಿಸ್ತೀನಿ!” ಎಂದು ಗುಡುಗಬೇಕಿತ್ತು. ಮೈಕಿನವರು ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡರು. ಆಮೇಲೆ ದನಿ ಬಂತು:

“ಹೋಗ್ಬ್ಯಾಡ ಕಣೋ. ನೀನು ಮದ್ವೆ ಆಗಿ ಹೋದ್ರೆ ನಾನು ಯಾರಿಗೆ ಮುದ್ದೆ ಮಾಡ್ಲಿ? ಗಂಡಸಾದೋನು ಹಿಂಗೆ ಅಂಗಲಾಚಬಾರ್ದಂತೆ. ಅಂಗಲಾಚ್ತೀನಿ. ಹೋಗ್ಬ್ಯಾಡ.”

ಸಾಯುವವನಿಗೆ ಎಲ್ಲಿಯ ಮದುವೆ! ಟೆಂಟು ಬಿದ್ದುಬಿದ್ದು ನಕ್ಕಿತು. ಮಾಲೀಕ ಮೈಕಿನ ವೈರು ಕಿತ್ತ. ಅವರು ಬರಿಗಂಟಲಲ್ಲೇ ಕೂಗಿದರು. ಆಪರೇಟರು ರೀಲು ನಿಲ್ಲಿಸಲಿಲ್ಲ, ಹೊರಗೂ ಬರಲಿಲ್ಲ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಟ್ರಂಕಿನ ಮೇಲೆ ಕೂತಿದ್ದರು. ಕೆಲಸ ಹೋಗಿತ್ತು.

“ನಿನ್ನೆ ನೀವಂದದ್ದು ಪಿಚ್ಚರಿನಾಗೆ ಇತ್ತೇನ್ರಿ?” ಎಂದೆ.

“ಮಾತಿನಾಗೆ ಇತ್ತೋ ಇಲ್ವೋ, ನಂಗೇನು ಗೊತ್ತು. ಅವನು ಹಿಡ್ಕಂಡಿದ್ದ ಕೈಯಾಗೆ ಇತ್ತು.” ನನ್ನ ಮುಖ ದಿಟ್ಟಿಸಿದರು. “ನೀ ಎಲ್ಲಿಗೆ ಹೊಂಟೀಯಪ್ಪ?”

“ಮಾರಿಕಣಿವೆಗೆ.”

ಅವರಿಗೆ ತಿಳಿಯಿತು. ಮಫ್ಲರ್ ಬಿಚ್ಚಿ ನನ್ನ ಕೊರಳಿಗೆ ಸುತ್ತಿದರು. “ಅಳು. ನಿಂಗೇನು ಕುದುರೆ ಐತಾ?”

ಅತ್ತುಬಿಟ್ಟೆ. ನನ್ನ ಬಸ್ಸು ಬಂತು, ಹೋಯಿತು.

“ಮನೆಗೆ ಹೋಗಿ ಒಲ್ಲೆ ಅನ್ನು. ಹೊಡೀಲಿ, ಹೊರಗೆ ಹಾಕ್ಲಿ. ಬದುಕಿರು” ಎಂದರು. ಅಂದೆ. ಮನೆಯವರು ಹೊಡೆದರು, ಹೊರಗೂ ಹಾಕಿದರು.

ಮರುವರ್ಷ ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದು ಓಡಿದೆ. ಆಪರೇಟರು ಬಂದಿರಲಿಲ್ಲ, ಯಾರೂ ಬಂದಿರಲಿಲ್ಲ. ಮಫ್ಲರನ್ನು ಅವರ ಕೊರಳಿಗೆ ಸುತ್ತುವಾಗ ವಾರ್ಡಿನವನು ಕೇಳಿದ: “ಇವ್ರು ನಿಮಗೇನಾಗ್ಬೇಕ್ರಿ?”

ಮಾತಿಗಾಗಿ ಅವರ ಕಡೆ ನೋಡಿದೆ. ಮುಖ ನೋಡಿ ಮಾತು ಕಟ್ಟಿಕೊಡುವವರು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು.