ಹಾಲಿನ ಕಟ್ಟೆಯ ಮೇಲಿನ ತೋರಣ

ಆಯುಧ ಪೂಜೆಯ ರಜೆ ಮುಗಿದು ಕಾರ್ಖಾನೆ ತೆರೆದ ಎರಡನೆಯ ದಿನ, ಬೆಳಗ್ಗೆ ಎಂಟೂಕಾಲು. ಕೋವಿಡ್ ಅಡಗಿ ಎರಡು ವರ್ಷವಾಗಿತ್ತು. ಸ್ಥಳ, ದೊಡ್ಡಬಳ್ಳಾಪುರದ ಹೊರಗಿನ ಒಂದು ಸಿದ್ಧ ಉಡುಪು ಕಾರ್ಖಾನೆಯ ಮಕ್ಕಳ ಕೋಣೆ. ಹಾಜರಿದ್ದವರು ಆಯಾ ರತ್ನಮ್ಮ, ಸಹಾಯಕಿ ಶಬೀನಾ, ಮ್ಯಾನೇಜರ್ ಶ್ರೀಧರ್, ಮೂವತ್ತೆಂಟು ಮಕ್ಕಳು ಮತ್ತು ಸುರಕ್ಷತಾ ಅಧಿಕಾರಿಯಾಗಿದ್ದ ನಾನು.

ಸೇನೆಯಲ್ಲಿ ವೈದ್ಯಕೀಯ ಸಹಾಯಕನಾಗಿದ್ದು ನಿವೃತ್ತನಾದ ಮೇಲೆ ನಾನು ಆ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಎಲ್ಲರಿಗೂ ನಾನು ‘ಸುಬೇದಾರ್ ಸಾರ್’. ಮಷೀನುಗಳು ಶುರುವಾಗುವ ಮೊದಲು ಇಡೀ ಕಾರ್ಖಾನೆಗೆ ಒಂದು ಸುತ್ತು ಹಾಕುವುದು ನನ್ನ ಪದ್ಧತಿ. ಆ ಸುತ್ತು ಮಕ್ಕಳ ಕೋಣೆಯಲ್ಲಿ ಮುಗಿಯುತ್ತಿತ್ತು.

ಆ ದಿನ ರತ್ನಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ನಿಂತಿದ್ದರು. ಶಬೀನಾಳ ಕಣ್ಣೂ ಕೆಂಪಾಗಿ ಊದಿತ್ತು.

“ರಾತ್ರಿಯೆಲ್ಲ ನಿದ್ದೆ ಇಲ್ಲ ಸಾರ್. ಕಣ್ಣಿಗೆ ಮರಳು ಸುರ್ದಂಗೆ ಆಗ್ತೈತೆ” ಎಂದರು ರತ್ನಮ್ಮ.

ಶ್ರೀಧರ್ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಿನಾಚೆಯೇ ನಿಂತಿದ್ದರು. “ಇದು ಮದ್ರಾಸ್ ಐ. ನೋಡಿದ್ರೇ ಗೊತ್ತಾಗುತ್ತೆ. ಒಂದು ವಾರ ಮಕ್ಕಳ ಕೋಣೆ ಕ್ಲೋಸ್ ಮಾಡ್ಬಿಡೋಣ. ತಾಯಂದ್ರು ಬಂದು ಕರ್ಕೊಂಡು ಹೋಗ್ಲಿ.”

“ಕಣ್ಣಿನ ಕಾಯ್ಲೆಗೆ ಮೂಗು ಯಾಕೆ ಮುಚ್ಕೊಂಡಿದೀರ ಸಾರ್?” ಎಂದಳು ಶಬೀನಾ. ಆ ನೋವಿನಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ.

ಕೋಣೆ ಮುಚ್ಚುವುದು ಸಣ್ಣ ಮಾತಲ್ಲ. ಮಕ್ಕಳನ್ನು ಬಿಡಲು ಬೇರೆ ಜಾಗವಿಲ್ಲದ ತಾಯಂದಿರು ಮನೆಯಲ್ಲೇ ಉಳಿಯಬೇಕಾಗುತ್ತದೆ. ಹಬ್ಬದ ನಂತರ ಆರ್ಡರ್‌ಗಳ ಒತ್ತಡ ಹೆಚ್ಚು. ವಾರವಿಡೀ ಖಾಲಿ ಬಿದ್ದ ಮಷೀನಿಗೆ ಬೇರೆಯವರು ಬಂದು ಕೂರುತ್ತಾರೆ. ಹಿಂದಿನ ಚಳಿಗಾಲದಲ್ಲಿ ಮಕ್ಕಳಿಗೆ ಜ್ವರ, ಕೆಮ್ಮು ಹರಡಿ ಕೋಣೆ ಮುಚ್ಚಿದಾಗ ಕೆಲವರು ಕೆಲಸ ಕಳೆದುಕೊಂಡಿದ್ದರು. ಹಾಗೆ ಮತ್ತೊಮ್ಮೆ ಆಗಬಾರದೆಂದೇ ನಾನು ಹಠ ಹಿಡಿದು ಅಲ್ಲಿ ಯುವಿ ದೀಪ ಹಾಕಿಸಿದ್ದೆ.

ಈ ದೀಪದ ವಿಷಯ ಸ್ವಲ್ಪ ಹೇಳಬೇಕು. ಇದರ ಅತಿನೇರಳೆ ಕಿರಣ ಗಾಳಿಯಲ್ಲಿ ತೇಲುವ ರೋಗಾಣುಗಳನ್ನು ಕೊಲ್ಲುತ್ತದೆ. ಅದೇ ಕಿರಣ ನಮ್ಮ ಕಣ್ಣನ್ನೂ ಚರ್ಮವನ್ನೂ ಸುಡಬಲ್ಲದು. ಆದ್ದರಿಂದ ದೀಪವನ್ನು ಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಕೂರಿಸಿ, ಅದರ ಮುಂದೆ ಲೂವರ್ ಎಂಬ ಕಪ್ಪು ಪಟ್ಟಿಗಳನ್ನು ಜೋಡಿಸಿರುತ್ತಾರೆ. ಕಿರಣ ಕೆಳಗಿಳಿಯದೆ ಚಾವಣಿಯ ಅಡಿಯಲ್ಲೇ ಅಡ್ಡಲಾಗಿ ಹಾಯುತ್ತದೆ. ಫ್ಯಾನು ಕೋಣೆಯ ಗಾಳಿಯನ್ನು ಮೇಲೆ ಕೆಳಗೆ ತಿರುಗಿಸುತ್ತದೆ. ಮೇಲೆ ಹೋದ ಗಾಳಿ ಶುದ್ಧವಾಗಿ ಇಳಿಯುತ್ತದೆ. ಜನ ಎಂಟು ಗಂಟೆ ಇರುವ ಜಾಗದಲ್ಲಿ ಕಿರಣದ ಅಳತೆ ಪ್ರತಿ ಚದರ ಸೆಂಟಿಮೀಟರಿಗೆ 0.2 ಮೈಕ್ರೋವಾಟ್ ಮೀರಬಾರದು. ದೀಪ ಕೂರಿಸಿದ ದಿನ ಮೂಲೆಮೂಲೆಯಲ್ಲೂ ಮೀಟರ್ ಹಿಡಿದು ನಾನೇ ಅಳೆದಿದ್ದೆ. ಎಲ್ಲ ಕಡೆಯೂ ಮಿತಿಯೊಳಗಿತ್ತು.

ನಾನು ಮೊದಲು ದೀಪ ಆರಿಸಿದೆ. ಮಕ್ಕಳನ್ನೆಲ್ಲ ಊಟದ ಕೋಣೆಗೆ ಸಾಗಿಸಿ, ಒಬ್ಬೊಬ್ಬರನ್ನೇ ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣು ನೋಡಿದೆ. ಅಳುವವರು ಅತ್ತರು, ಮೀಸೆ ಎಳೆಯುವವರು ಎಳೆದರು. ಮೂವತ್ತೆಂಟು ಮಕ್ಕಳಲ್ಲಿ ಒಬ್ಬರ ಕಣ್ಣೂ ಕೆಂಪಾಗಿರಲಿಲ್ಲ.

ಅಲ್ಲಿಗೆ ನನಗೆ ಅನುಮಾನ ಹುಟ್ಟಿತು. ಮದ್ರಾಸ್ ಐ ಇಂಥ ಕೋಣೆಗೆ ಬಂದರೆ ಮಕ್ಕಳನ್ನು ಬಿಟ್ಟು, ಒಂದೇ ರಾತ್ರಿ ಇಬ್ಬರು ದೊಡ್ಡವರನ್ನಷ್ಟೇ ಹುಡುಕಿ ಹಿಡಿಯುತ್ತದೆಯೇ?

“ಬೆಳಗ್ಗೆ ಕಣ್ಣಲ್ಲಿ ಗೀಜು ಇತ್ತೇನಮ್ಮಾ?” ಎಂದು ರತ್ನಮ್ಮನನ್ನು ಕೇಳಿದೆ.

“ಗೀಜಿಲ್ಲ ಸಾರ್, ಬರೀ ನೀರು.”

ಅವರ ಹಣೆ, ಮೂಗು ಬಿಸಿಲಲ್ಲಿ ಬೆಂದಂತೆ ಕೆಂಪಾಗಿದ್ದವು. ಸೇನೆಯ ವರ್ಕ್‌ಶಾಪಿನಲ್ಲಿ ಕನ್ನಡಕ ಹಾಕದೆ ವೆಲ್ಡಿಂಗ್ ಮಾಡಿದವರು ನಡುರಾತ್ರಿ ಇದೇ ಮರಳಿನ ಮಾತು ಹೇಳಿಕೊಂಡು ನನ್ನ ಬಳಿ ಬರುತ್ತಿದ್ದರು. ವೆಲ್ಡಿಂಗಿನ ಬೆಳಕಿನಲ್ಲೂ ಅತಿನೇರಳೆ ಕಿರಣವಿರುತ್ತದೆ.

“ನಿನ್ನೆ ಇಬ್ಬರೂ ಹೆಚ್ಚು ಹೊತ್ತು ಎಲ್ಲಿದ್ರಿ?”

“ಇನ್ನೆಲ್ಲಿ ಸಾರ್, ಹಾಲಿನ ಕಟ್ಟೆ ಹತ್ರಾನೇ” ಎಂದಳು ಶಬೀನಾ. “ರಜೇಲಿ ಧೂಳು ಕೂತಿತ್ತು. ಲೋಟ, ಬಾಟ್ಲಿ ಎಲ್ಲಾ ಕುದಿಸಿ ಜೋಡಿಸೋದ್ರಲ್ಲೇ ಸಂಜೆ ಆಯ್ತು.”

ಮಕ್ಕಳಿಗೆ ಹಾಲು ಕಾಯಿಸುವ ಆ ಕಟ್ಟೆ ಕೋಣೆಯ ಒಂದು ಮೂಲೆಯಲ್ಲಿತ್ತು. ಒಲೆ ಇದ್ದುದರಿಂದ ಮಕ್ಕಳು ಅತ್ತ ಹೋಗದಂತೆ ಅಡ್ಡಗೋಡೆ ಕಟ್ಟಿಸಿದ್ದೆವು. ಹಿಂದಿನ ದಿನದ ಸುತ್ತಿನಲ್ಲಿ ನಾನು ಅದರಾಚೆ ಹೋಗಿರಲಿಲ್ಲ. ಈಗ ಅಲ್ಲಿ ಹೋಗಿ ನಿಂತು ತಲೆ ಎತ್ತಿದೆ. ಮೇಲೆ ಗೋಡೆಯಲ್ಲಿದ್ದ ದೀಪದ ಎದುರಿಗೆ, ಒಂದು ಗೇಣು ಅಂತರದಲ್ಲಿ, ಬೆಳ್ಳಿಯಂತೆ ಹೊಳೆಯುವ ಮಾವಿನೆಲೆಯ ತೋರಣ. ಪ್ರತಿ ಎಲೆಗೂ ಉಗುರಿನಿಂದ ನಡುನರ ಗೀಚಿದ್ದರು.

“ಇದನ್ನ ಯಾವಾಗ ಕಟ್ಟಿದ್ದು?”

“ಪೂಜೆ ದಿನ ಸಾರ್” ಎಂದರು ರತ್ನಮ್ಮ. “ನಿಜವಾದ ಎಲೆ ಒಣಗೋಗ್ತದೆ ಅಂತ, ಕ್ಯಾಂಟೀನಿಂದ ಚಪಾತಿ ಸುತ್ತೋ ಫಾಯಿಲ್ ತಂದು ಕತ್ತರಿಸಿದ್ವಿ. ಎಲ್ರೂ ಅವರವರ ಮಷೀನಿಗೆ ಪೂಜೆ ಮಾಡ್ತಾರೆ. ಮಕ್ಳನ್ನ ಕಾಯೋ ದೀಪಕ್ಕೆ ನಾವು ಮಾಡ್ದೆ ಇರಕ್ಕಾಗ್ತದಾ?”

“ದೀಪದ ಕೆಳಗಿನ ಬೋರ್ಡ್ ಓದಿದ್ರಿ ತಾನೆ?”

“ನೋಡಬೇಡಿ, ಮುಟ್ಟಬೇಡಿ ಅಂತೈತೆ. ದೀಪ ಆರಿಸಿ ಕಟ್ಟಿದ್ವಿ. ಮುಟ್ಲೂ ಇಲ್ಲ, ಆಮೇಲೆ ನೋಡ್ಲೂ ಇಲ್ಲ.”

ಅದು ನಿಜ. ಬೋರ್ಡಿನ ಎರಡು ಮಾತನ್ನೂ ಅವರು ಪಾಲಿಸಿದ್ದರು. ಅಡ್ಡಲಾಗಿ ಹೋಗಬೇಕಾದ ಕಿರಣವನ್ನು ಆ ಅಲ್ಯೂಮಿನಿಯಂ ಎಲೆಗಳು ಕನ್ನಡಿಯಂತೆ ಹಿಡಿದು, ದಿನವಿಡೀ ಅವರ ಮುಖಕ್ಕೆ ಇಳಿಸಿದ್ದವು. ಅಡ್ಡಗೋಡೆಯ ಈಚೆ ಇದ್ದ ಮಕ್ಕಳಿಗೆ ಅದು ತಾಗಿರಲಿಲ್ಲ.

ಇನ್ನು ಅದನ್ನು ತೋರಿಸಿಕೊಡಬೇಕಿತ್ತು. ಎಲ್ಲರನ್ನೂ ಹೊರಗೆ ಕಳಿಸಿ, ತುಂಬುತೋಳಿನ ಅಂಗಿ, ಗ್ಲೌಸು, ಮುಖಕ್ಕೆ ಶೀಲ್ಡ್ ಹಾಕಿಕೊಂಡೆ. ಈ ಕಿರಣ ಸಾಮಾನ್ಯ ಗಾಜನ್ನು ದಾಟುವುದಿಲ್ಲ. ಆದ್ದರಿಂದ ಶ್ರೀಧರ್ ಬಾಗಿಲಿನ ಗಾಜಿನಾಚೆ ನಿಂತು ನೋಡಿದರು. ದೀಪ ಹಚ್ಚಿ, ರತ್ನಮ್ಮನ ಕಣ್ಣಿನ ಎತ್ತರಕ್ಕೆ ಮೀಟರ್ ಹಿಡಿದೆ. ಮಿತಿಯ ಹಲವು ಪಟ್ಟು ತೋರಿಸಿತು. ದೀಪ ಆರಿಸಿ, ತೋರಣ ಬಿಚ್ಚಿ, ಮತ್ತೆ ಹಚ್ಚಿ ಅದೇ ಜಾಗದಲ್ಲಿ ಅಳೆದೆ. 0.2ಕ್ಕಿಂತ ಕೆಳಗೆ ಬಂದು ನಿಂತಿತು. ಎರಡು ಸಲವೂ ಮೀಟರನ್ನು ಗಾಜಿಗೆ ಒತ್ತಿ ಶ್ರೀಧರ್ ಅವರೇ ಓದುವಂತೆ ಮಾಡಿದೆ. ಆಮೇಲೆ ಮಕ್ಕಳು ಆಡುವ ಜಾಗವನ್ನೂ ಮೊಳ ಮೊಳಕ್ಕೂ ಅಳೆದೆ; ಎಲ್ಲೂ ಮಿತಿ ಮೀರಿರಲಿಲ್ಲ.

ನಾನು ಹೊರಗೆ ಬಂದಾಗ ಶ್ರೀಧರ್, “ಆದ್ರೂ ಒಂದು ವಾರ ಮುಚ್ಚೋದೇ ಸೇಫ್ ಅಲ್ವಾ?” ಎಂದರು.

“ಮುಚ್ಚಿದ್ರೆ ಸೇಫಾಗೋದು ನಾವಿಬ್ಬರು ಸಾರ್. ತಾಯಂದಿರಲ್ಲ.”

“ಸರಿ, ಆಯಾಗಳಿಬ್ರೂ ಹೀಗಾದ್ರೆ ಮಕ್ಕಳನ್ನ ನೋಡ್ಕೊಳ್ಳೋರು ಯಾರು?”

“ನಾನು. ಆ ಕಟ್ಟೆ ಹತ್ರಾನೇ ನಿಂತು ನೋಡ್ಕೊತೀನಿ.”

ಶ್ರೀಧರ್ ಕರ್ಚೀಫು ಜೇಬಿಗಿಟ್ಟು, ಇಬ್ಬರು ತಾಯಂದಿರನ್ನು ಆ ದಿನದ ಮಟ್ಟಿಗೆ ನನ್ನ ಜೊತೆಗೆ ಕಳಿಸಿದರು.

ಹತ್ತು ಗಂಟೆಗೆ ಕಾರ್ಖಾನೆಯ ಡಾಕ್ಟರು ಬಂದು ನೋಡಿ, ಇದು ಕಿರಣದ ಸುಡುವಿಕೆಯೇ, ಒಂದೆರಡು ದಿನದಲ್ಲಿ ಪೂರ್ತಿ ವಾಸಿಯಾಗುತ್ತದೆ ಎಂದು ಹೇಳಿ ಕಣ್ಣಿನ ಹನಿ ಕೊಟ್ಟರು. ಮಕ್ಕಳನ್ನೂ ಅವರೇ ಇನ್ನೊಮ್ಮೆ ನೋಡಿದರು. ಮನೆಗೆ ಹೊರಟ ರತ್ನಮ್ಮ ಗೇಟಿನವರೆಗೆ ಹೋಗಿ ಹಿಂದಿರುಗಿ ಬಂದರು.

“ಸಾರ್, ನಾವು ಕಟ್ಟಿದ್ದಕ್ಕೆ ಮಕ್ಳಿಗೇನೂ...”

“ಏನೂ ಆಗಿಲ್ಲಮ್ಮಾ. ಒಂದು ಮಗುವಿಗೂ ಇಲ್ಲ.”

ಆಗ ಅವರು ಅತ್ತರು. ಅಳಬೇಡಿ, ಕಣ್ಣು ಇನ್ನೂ ಉರಿಯುತ್ತದೆ ಎಂದು ಗದರಿ ಕಳಿಸಿದೆ.

ಆ ದಿನ ಹಾಲು ಕಾಯಿಸಿದ್ದು, ಲೋಟ ತೊಳೆದದ್ದು, ಯಾರ ಬಾಟಲಿ ಯಾರದೆಂದು ಜಗಳ ಬಿಡಿಸಿದ್ದು ನಾನು. ಮಧ್ಯಾಹ್ನ ಶ್ರೀಧರ್ ಅಡ್ಡಗೋಡೆಯ ಮೇಲಿಂದ ಬಗ್ಗಿ, “ಸುಬೇದಾರ್ರೇ, ಸಕ್ಕರೆ ಜಾಸ್ತಿ ಆಯ್ತು” ಎಂದರು. ಅಷ್ಟು ಹೊತ್ತಿಗೆ ಅವರೂ ಒಂದು ಲೋಟ ಹಾಲು ಕುಡಿದು ಮುಗಿಸಿದ್ದರು. ಹೊಲಿಗೆ ವಿಭಾಗದಲ್ಲಿ ಒಬ್ಬ ತಾಯಿಯೂ ಮಗುವಿಗಾಗಿ ಕೆಲಸ ಬಿಟ್ಟು ಮನೆಗೆ ಹೋಗಲಿಲ್ಲ. ನನ್ನ ಎರಡೂ ಉದ್ಯೋಗಗಳಲ್ಲಿ ಪದಕ, ಪ್ರಶಸ್ತಿಪತ್ರ ಬಂದಿವೆ. ಅವುಗಳಿಗಿಂತ ಈ ದಿನವನ್ನು ನಾನು ಎತ್ತರದಲ್ಲಿಟ್ಟಿದ್ದೇನೆ.

ನಮ್ಮ ಜನ ಯಂತ್ರವನ್ನು ಬಳಸಿ ಸುಮ್ಮನಾಗುವುದಿಲ್ಲ, ಅದಕ್ಕೆ ಮರ್ಯಾದೆಯನ್ನೂ ಮಾಡುತ್ತಾರೆ. ಬೇಡ ಎಂದಷ್ಟೇ ಹೇಳುವ ನಿಯಮ ಅಂಥವರಿಗೆ ಸಾಲದು; ಆ ಮರ್ಯಾದೆಯನ್ನು ಎಲ್ಲಿ ಮಾಡಬೇಕೆಂದೂ ಅದು ತೋರಿಸಬೇಕು. ಆ ಕೆಲಸ ನನಗೆ ಕಲಿಸಿದ್ದು ಇದು.

ಐದೂವರೆಗೆ ತಾಯಂದಿರು ಬಂದು ಮೂವತ್ತೆಂಟು ಮಕ್ಕಳನ್ನೂ ಕರೆದುಕೊಂಡು ಹೋದರು. ದೀಪ ಆರಿಸಿದೆ. ಬೋರ್ಡಿನಲ್ಲಿ ಮೂರನೆಯ ಸಾಲು ಬರೆದೆ: “ದೀಪದ ಸುತ್ತ ಏನನ್ನೂ ಕಟ್ಟಬೇಡಿ. ತೋರಣ ಬಾಗಿಲಿಗೆ.” ಆಮೇಲೆ ಗೋಡೌನಿನ ಹಿಂದಿನ ಮರದಿಂದ ಮಾವಿನೆಲೆ ಕಿತ್ತು ತಂದು, ದಾರಕ್ಕೆ ಪೋಣಿಸಿ, ಸ್ಟೂಲು ಹತ್ತಿ ಮಕ್ಕಳ ಕೋಣೆಯ ಬಾಗಿಲಿಗೆ ಕಟ್ಟಿ, ಕೆಳಗಿಳಿದು ಬೀಗ ಹಾಕಿದೆ.