ಕಂಪನಿಯಲ್ಲಿದ್ದ ಮಾವಶಿ

ಮೊನ್ನೆ ಟ್ರಂಕಿನ ಮುಚ್ಚಳ ತೆಗೆದಾಗ ಸಫೇದಾ ಪುಡಿ ಮತ್ತು ಕಮಟು ಕೊಬ್ಬರಿ ಎಣ್ಣೆಯ ವಾಸನೆ ಒಟ್ಟಿಗೆ ಬಂದಿತು. ಹಿಂದೆ ನಾಟಕದವರು ಮುಖಕ್ಕೆ ಬಳಿದುಕೊಳ್ಳುತ್ತಿದ್ದುದು ಅದನ್ನೇ. ಧಾರವಾಡದಲ್ಲಿ ಹಳೆಯ ನಾಟಕ ಕಂಪನಿಗಳ ಸಾಮಾನುಗಳನ್ನು ಕೂಡಿಡುವ ಸಂಗ್ರಹವೊಂದರಲ್ಲಿ, ಎಂ.ಎ. ಮುಗಿಸಿದಂದಿನಿಂದ ನಾನು ಕೆಲಸಕ್ಕಿದ್ದೇನೆ. ಮಳೆಗಾಲಕ್ಕೆಂದು ಗಾಜಿನ ಕಪಾಟಿನಿಂದ ತೆಗೆದು ಟ್ರಂಕಿನಲ್ಲಿಟ್ಟ ಬಟ್ಟೆಗಳನ್ನು ಮಳೆ ಮುಗಿದ ಮೇಲೆ ಬಿಸಿಲಿಗೆ ಹರವುವುದು ನನ್ನ ಪಾಲಿಗೆ ಬಂದ ಕೆಲಸ. ಆ ಟ್ರಂಕಿನ ಜರಿ ಸೀರೆ, ಮಣಿಯ ಕಿರೀಟ, ಕಿರೀಟ ತೊಟ್ಟು ತೆಗೆಸಿಕೊಂಡ ಫೋಟೊ ಯಾರವೆಂದು ಅಲ್ಲಿ ಗೊತ್ತಿರುವುದು ನನಗೊಬ್ಬಳಿಗೇ.

ಗಜೇಂದ್ರಗಡದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿದ ಮನೆ ಅವರದು. ರಕ್ತಸಂಬಂಧವೇನೂ ಇರಲಿಲ್ಲ; ಆದರೂ ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಕಂಪನಿ ಬಿಟ್ಟು, ಒಬ್ಬಳೇ ಮಗಳನ್ನು ಕಟ್ಟಿಕೊಂಡು ನಮ್ಮ ಓಣಿಗೆ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅವರು ನಟಿಯಾಗಿದ್ದರೆಂಬುದು ನಮ್ಮ ಮನೆಯವರ ಹೊರತು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ಹಾಡುತ್ತಿದ್ದುದು ರೊಟ್ಟಿ ಬಡಿಯುವಾಗ ಮಾತ್ರ. ಬಡಿತದ ಸಪ್ಪಳದಲ್ಲಿ ದನಿ ಓಣಿಗೆ ಕೇಳದಿರಲಿ ಎಂದಿರಬೇಕು. ಯಾಕೆ ಹೀಗೆಂದು ಒಮ್ಮೆ ಕೇಳಿದ್ದೆ.

“ತಾಳ ಪುಕ್ಕಟ ಸಿಗತೈತಿ, ಹುಡುಗಿ. ತಬಲಾದವಗ ಪಗಾರ ಕೊಡೂದ ತಪ್ಪತೈತಿ,” ಎಂದು ನಕ್ಕಿದ್ದರು.

ಮಗಳನ್ನು ನೋಡಲು ನರಗುಂದದಿಂದ ಗಂಡಿನ ಕಡೆಯವರು ಬಂದಾಗ ನಾನು ಕಾಲೇಜಿನ ರಜೆಯಲ್ಲಿ ಊರಲ್ಲಿದ್ದೆ. ಚಹಾ ಕೊಡುವ ಕೆಲಸ ನನ್ನದಾಗಿತ್ತು. ಅದಕ್ಕೂ ಮೊದಲು ದೂರದ ಊರಿನ ಒಂದು ಸಂಬಂಧ, ತಾಯಿ ನಾಟಕದಲ್ಲಿ ಬಣ್ಣ ಹಚ್ಚಿದವಳೆಂದು ಅಲ್ಲಿಯ ಯಾರಿಂದಲೋ ತಿಳಿದು, ಅರ್ಧಕ್ಕೇ ಮುರಿದಿತ್ತು. ನರಗುಂದದ ಈ ಹುಡುಗನ ತಾಯಿ ದೊಡ್ಡ ದನಿಯ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಹೆಂಗಸು.

“ಅಕ್ಕಾರ, ಈ ಊರಿಗೆ ಬರೂಕಿಂತ ಮದಲ ಎಲ್ಲಿದ್ರಿ?”

“ಕಂಪನ್ಯಾಗ ನೌಕರಿ ಮಾಡತಿದ್ದೆರಿ,” ಎಂದರು ಮಾವಶಿ.

“ಹತ್ತಿ ಕಂಪನ್ಯಾಗೇನ್ರಿ? ಗದಗಿನ್ಯಾಗ?”

ನಮ್ಮ ಕಡೆ ಬರೀ ಕಂಪನಿ ಎಂದರೆ ನಾಟಕದ್ದೂ ಆಗಬಹುದು, ಅರಳೆ ಬಿಡಿಸುವ ಜಿನ್ನಿನದೂ ಆಗಬಹುದು. ಮಾವಶಿ ಸೆರಗು ಸರಿಮಾಡಿಕೊಂಡು, “ಗದಗಿನ್ಯಾಗೂ ಇದ್ದೆವ್ರಿ,” ಎಂದರು. ಸುಳ್ಳಲ್ಲ. ಅವರ ಕಂಪನಿ ಅಲ್ಲಿ ಎಷ್ಟೋ ಸಲ ಥೇಟರು ಕಟ್ಟಿತ್ತು.

“ಅದಕ್ಕ ನೋಡ್ರಿ, ಅರಳಿ ಧೂಳ ಕುಡದ ಕುಡದ ದನಿ ಹ್ಯಾಂಗ ಒಡದೈತಿ ಪಾಪ!” ಎಂದು ಆಕೆ ಮರುಗಿದರು. ಆಮೇಲೆ ನನ್ನ ಕಡೆ ತಿರುಗಿ, “ಬಾಜೂ ಮನಿಯಾಕಿ ಅಲ್ಲೇನವಾ ನೀ? ಕಂಪನಿ ಕೆಲಸ ಭಾಳ ತ್ರಾಸಿಂದು, ಹೌದಿಲ್ಲೋ?” ಎಂದರು.

“ಹೌದ್ರಿ,” ಎಂದೆ.

ಆ ದನಿ ಹಾಡಿ ಹಾಡಿ ಒಡೆದದ್ದು. ಸಂಬಂಧ ಗಟ್ಟಿಯಾಯಿತು.

ಮದುವೆಗೆ ಮೊದಲು ಅವರು ನನ್ನ ಮುಂದೆ ಟ್ರಂಕು ತಂದಿಟ್ಟರು. ನಮ್ಮ ಕಾಲೇಜಿನ ಗುರುಗಳು ಧಾರವಾಡದಲ್ಲಿ ಇಂಥ ಸಾಮಾನು ಕೂಡಿಸಲು ಆಗಷ್ಟೇ ಆರಂಭಿಸಿದ್ದನ್ನು ನಾನೇ ಹೇಳಿದ್ದೆ. “ಬೀಗರು ಬಂದಾಗ ಇದು ಮನ್ಯಾಗ ಇರಬಾರದು. ಹೊಳಿಗೆ ಬಿಡಾಕ ಮನಸ ಆಗವಲ್ದು. ನೀ ಒಯ್ಯಿ. ನನ್ನ ಹೆಸರ ಮಾತ್ರ ಯಾರ ಮುಂದೂ ಹೇಳಬ್ಯಾಡ, ನನ್ನ ಮಗಳ ಬಾಳೇವು ಐತಿ,” ಎಂದರು. ಧಾರವಾಡಕ್ಕೆ ಹೊರಟ ದಿನ ರೋಣದ ಬಸ್ಸಿಗೆ ಟ್ರಂಕು ಏರಿಸುವಾಗ ಕಂಡಕ್ಟರ್, “ಮದವಿ ಜವಳಿ ಏನ್ರಿ ಬಾಯಾರ?” ಎಂದು ಕೇಳಿದ. ಮಾವಶಿಯೇ ಹೌದೆಂದರು…

ಮುಂದೆ ಕೆಲಸಕ್ಕೆ ಸೇರಿದಾಗ ಆ ಸಾಮಾನುಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿ ಚೀಟಿ ಬರೆದವಳು ನಾನೇ. “ಕಂಪನಿ ನಾಟಕದ ನಟಿ. ಹೆಸರು ತಿಳಿದಿಲ್ಲ.” ಊರಿಗೆ ಹೋದಾಗ ಮಾವಶಿ ಹಾಸಿಗೆ ಹಿಡಿದಿದ್ದರು.

“ನನ್ನ ಸಾಮಾನದ ಮುಂದ ಏನಂತ ಬರದಾರ?”

“ಹೆಸರು ತಿಳಿದಿಲ್ಲ ಅಂತ ನಾನ ಬರದೇನಿ, ಮಾವಶಿ.”

“ಹೌದ?” ಎಂದರು. ಕೌದಿಯನ್ನು ಎದೆಗೆಳೆದುಕೊಂಡು, “ಚಲೋ ಆತು ಬಿಡು… ಮಂದಿ ನಿಂತು ನೋಡತಾರಿಲ್ಲೋ?” ಎಂದು ಕೇಳಿದರು. ನೋಡುತ್ತಾರೆ ಎಂದೆ. ಅದೇ ವರ್ಷ ಅವರು ತೀರಿಕೊಂಡರು. ಆ “ಹೌದ?” ಎಂಬುದರಲ್ಲಿ ಇದ್ದದ್ದು ಸಮಾಧಾನವೋ ಬೇರೇನೋ, ಕೇಳಬಹುದಿತ್ತು. ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರ ಮಗಳು ಅತ್ತೆಯ ಮೊಣಕಾಲು ತೋರಿಸಲು ಧಾರವಾಡಕ್ಕೆ ಬಂದಿದ್ದಳು. ನರಗುಂದದ ಬಸ್ಸಿಗೆ ಇನ್ನೂ ಹೊತ್ತಿತ್ತು. ನನ್ನನ್ನು ಮಾತಾಡಿಸಿ ಹೋಗೋಣವೆಂದು ಅತ್ತೆಯೇ ಹಟ ಹಿಡಿದರಂತೆ. ಕೋಣೆಯೆಲ್ಲ ಸುತ್ತಿ ಆಕೆ ಆ ಕಪಾಟಿನ ಮುಂದೆ ನಿಂತರು. ಬಣ್ಣ ಹಚ್ಚಿದ ಆ ಮುಖದಲ್ಲಿ ಬೀಗತಿಯ ಗುರುತು ಸಿಗುವಂತಿರಲಿಲ್ಲ.

“ಅಯ್ಯ, ಈಕೀನ್ನ ನಾ ನೋಡೇನಿ! ನಮ್ಮ ನರಗುಂದಕ್ಕ ಕಂಪನಿ ಬಂದಿತ್ತು. ಅತ್ತೀ ಕಣ್ಣ ತಪ್ಪಿಸಿ ಹೋಗಿದ್ದೆ. ಒಂದ ಪದಾ ಮತ್ತ ಮತ್ತ ಹಾಡಸಿದ್ವಿ. ಎಂಥಾ ದನಿ ಅಂತೀರಿ! ಹೆಸರ… ಬಾಯಾಗ ಐತಿ, ಬರವಲ್ದು. ಏನವಾ ಆಕೀ ಹೆಸರು?”

ಮಗಳು ನನ್ನನ್ನೇ ನೋಡುತ್ತಿದ್ದಳು. ಅತ್ತೆಯ ತೋಳು ಹಿಡಿದಿದ್ದ ಅವಳ ಬೆರಳು ಬಿಗಿದವು.

“ಗೊತ್ತಿಲ್ರಿ,” ಎಂದೆ.

“ಇಷ್ಟ ಕಲತು, ಇಲ್ಲೇ ಕುಂತು, ಹೆಸರ ಗೊತ್ತಿಲ್ಲಂದ್ರ ಹ್ಯಾಂಗವಾ?” ಎಂದು ಆಕೆ ನನ್ನನ್ನು ಗದರಿದರು.

“ಬಸ್ಸಿನ ಹೊತ್ತಾತು, ಬರ್ರಿ ಅತ್ತಿ,” ಎಂದಳು ಮಗಳು. ಹೋಗುವಾಗ ತಾಯಿಯ ಫೋಟೊದ ಕಡೆ ಅವಳು ತಿರುಗಿ ನೋಡಲಿಲ್ಲ.

ಹೇಳಿದ್ದರೆ ಏನಾಗುತ್ತಿತ್ತೋ ತಿಳಿಯದು. ಹಾಡಿಗೆ ಮನಸೋಲುವುದೂ ಹಾಡಿದವಳ ಮಗಳನ್ನು ಮನೆ ತುಂಬಿಸಿಕೊಳ್ಳುವುದೂ ಒಂದೇ ಅಲ್ಲ. ನರಗುಂದಕ್ಕೆ ಹೆಣ್ಣು ಕೊಟ್ಟ ಮನೆಗಳು ನಮ್ಮ ಊರಲ್ಲಿ ಎಷ್ಟೋ ಇವೆ. ಇದು ಯಾವ ಮನೆಯ ಮಾತೆಂದು ಗುರುತಾಗದು; ಆ ಧೈರ್ಯದ ಮೇಲೆ ಇಷ್ಟು ಬರೆದೆ. ಇದೂ ಹೆಚ್ಚಾಯಿತೇನೋ… ಇಷ್ಟು ವರ್ಷಗಳಲ್ಲಿ ಮಾವಶಿಯ ಹೆಸರು ಕೇಳಿದವರು ಆ ಅತ್ತೆಯೊಬ್ಬರೇ. “ನಿಮ್ಮನ್ನು ಮತ್ತೆ ಮತ್ತೆ ಹಾಡಿಸಿದವರಲ್ಲಿ ನಿಮ್ಮ ಬೀಗತಿಯೂ ಒಬ್ಬರು” ಎಂದು ಹೇಳೋಣವೆಂದರೆ, ಗಜೇಂದ್ರಗಡದಲ್ಲಿ ಈಗ ಮಾವಶಿ ಇಲ್ಲ.